ಶಿರಾಡಿ ಏರಿನಲ್ಲಿ ಮೇಲೇರಿದ ಟೆಂಪರೇಚರ್ ಮುಳ್ಳು

ಕಳೆದ ತಿಂಗಳು ಮಂಗಳೂರಿನಿಂದ ಸಕಲೇಶಪುರಕ್ಕೆ ಬರುತ್ತಿದ್ದೆ. ಶಿರಾಡಿ ಘಾಟಿ ಏರುವಾಗ ಕಾರಿನ ಟೆಂಪರೇಚರ್ ಮುಳ್ಳು ಅರ್ಧ ದಾಟಿತು. ತಕ್ಷಣ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬಾರದು. ಒಳಗಿನ ಒತ್ತಡಕ್ಕೆ ಕುದಿಯುವ ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ಮುಖಕ್ಕೇ ಚಿಮ್ಮುತ್ತದೆ. ಒಂದು ಗಂಟೆ ಕಾದು ನೋಡಿದರೆ ಕೂಲಂಟ್ ಡಬ್ಬಿಯಲ್ಲಿ ಮಟ್ಟ ಮಿನ್ (ಕನಿಷ್ಠ) ಗೆರೆಗಿಂತ ಕೆಳಗಿತ್ತು. ಕೈಲಿದ್ದ ಕುಡಿಯುವ ನೀರನ್ನೇ ಹಾಕಿ, ನಿಧಾನವಾಗಿ ಮನೆ ಸೇರಿದೆ.

ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗ, ಸಮತಟ್ಟಾದ ಜಾಗದಲ್ಲಿ ಬಾನೆಟ್ ಎತ್ತಿದೆ. ನನಗಿದ್ದ ಭಯ ಹೆಡ್ ಗ್ಯಾಸ್ಕೆಟ್‌ದು, ಅಂದರೆ ಎಂಜಿನ್‌ನ ಮೇಲ್ಭಾಗ ಸೇರುವ ಕಡೆ ಇರುವ ಸೀಲ್; ಅದು ಹಾಳಾದರೆ ಕೂಲಂಟ್ ಆಯಿಲ್‌ಗೆ ಸೇರಬಹುದು. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗಿಟ್ಟು ಮತ್ತೆ ತೆಗೆದೆ. ಆಯಿಲ್ ಎರಡು ಗುರುತುಗಳ ನಡುವೆ ಇತ್ತು. ಹಾಲು ಬೆರೆತ ಕಾಫಿಯ ಬಣ್ಣವೂ ಇರಲಿಲ್ಲ. ಆ ಬಣ್ಣ ಕಂಡರೆ ಆಯಿಲ್‌ಗೆ ಕೂಲಂಟ್ ಸೇರಿದೆ ಅಂತ ಅರ್ಥ, ಆಮೇಲೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ. ನನಗೆ ಎಷ್ಟು ಸಮಾಧಾನವಾಯಿತು ಗೊತ್ತಾ!

ಹಾಗಾದರೆ ಕೂಲಂಟ್ ಎಲ್ಲಿ ಹೋಯಿತು? ಟಾರ್ಚ್ ಹಿಡಿದು ಹುಡುಕಿದೆ. ರೇಡಿಯೇಟರ್‌ನ ಮೇಲಿನ ಹೋಸ್ ಸೇರುವ ಕಡೆ ಒಣಗಿದ ಹಸಿರು ಕಲೆ. ಕ್ಲಾಂಪ್ ಸಡಿಲವಾಗಿತ್ತು. ಸ್ಕ್ರೂಡ್ರೈವರ್‌ನಿಂದ ಬಿಗಿ ಮಾಡಿದೆ, ಅಷ್ಟೇ. ಬರೀ ನೀರು ಜಾಸ್ತಿ ದಿನ ಇದ್ದರೆ ಒಳಗೆ ತುಕ್ಕು ಹಿಡಿಯುತ್ತದೆ ಅಲ್ವಾ, ಅದಕ್ಕೆ ಎಲ್ಲ ಬಸಿದು, ಮ್ಯಾನುಯಲ್‌ನಲ್ಲಿ ಹೇಳಿದ ಕೂಲಂಟನ್ನೇ ತುಂಬಿದೆ. ಈಗ ನಾಲ್ಕು ವಾರವಾಯಿತು, ಮಟ್ಟ ಇಳಿದಿಲ್ಲ.