ಕುದುರೆ, ಫೈಟರ್ ವಿಮಾನ, ಕಾದಂಬರಿ: ಮೂರನ್ನೂ ಒಂದೇ ರ‍್ಯಾಕಿನಲ್ಲಿ ಮಾರಿದ ನನ್ನ ಅನುಭವ

"ಏನಪ್ಪಾ, ಲಾಯ ಇಟ್ಟಿದ್ದೀಯೋ, ಏರ್‌ಪೋರ್ಟ್ ಇಟ್ಟಿದ್ದೀಯೋ?" ಅಂತ ಪಕ್ಕದ ಅಂಗಡಿಯ ಅಣ್ಣ ಕೇಳಿದ್ದು 2022ರಲ್ಲಿ. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೆಂಗಳೂರಿನ ನನ್ನ ಹಳೇ ಪುಸ್ತಕದ ಅಂಗಡಿಯ ಬಾಗಿಲ ಪಕ್ಕದ ರ‍್ಯಾಕಿನಲ್ಲಿ ಕುದುರೆ ತಳಿಯ ದಪ್ಪ ಪುಸ್ತಕ, ಅದಕ್ಕೆ ಒರಗಿಕೊಂಡು ಮಿಗ್-21 ಫೈಟರ್ ವಿಮಾನದ ಪುಸ್ತಕ, ಅದರ ಪಕ್ಕ ರಟ್ಟು ಸಡಿಲವಾದ ಪತ್ತೇದಾರಿ ಕಾದಂಬರಿ, ಮತ್ತೆ ಕುದುರೆ. ಹಳೇ ಪುಸ್ತಕದ ವ್ಯಾಪಾರದಲ್ಲಿ ಇಪ್ಪತ್ತು ವರ್ಷ ಇದ್ದವರೆಲ್ಲ ಇದು ಹುಚ್ಚು ಅಂದರು. ಈಗ ಅಂಗಡಿ ಬಾಡಿಗೆಯನ್ನು ಆ ಒಂದು ರ‍್ಯಾಕೇ ಕಟ್ಟುತ್ತಿದೆ. ಅಣ್ಣನೂ ದಿನಕ್ಕೊಂದು ಸಲ ಕಾಫಿ ನೆಪದಲ್ಲಿ ಬಂದು ಅದನ್ನು ನೋಡಿಕೊಂಡು ಹೋಗುತ್ತಾರೆ. ಅದಕ್ಕೇ ಹಳೇ ಪುಸ್ತಕ ಮಾರುವ ಗೆಳೆಯರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಕೈ ಸುಟ್ಟುಕೊಂಡ ಕಥೆ. 2017ರಲ್ಲಿ ಜಾಲಹಳ್ಳಿ ಕಡೆಯ ಒಂದು ಮನೆಯಿಂದ ಲಾಟ್ ಬಂತು, ಅಂದರೆ ಒಟ್ಟಿಗೆ ಕೊಳ್ಳುವ ಹಳೇ ಪುಸ್ತಕಗಳ ರಾಶಿ. ಏರ್ ಫೋರ್ಸಿನಿಂದ ನಿವೃತ್ತರಾದವರ ಮನೆ. ಅವರು ತೀರಿಹೋಗಿ, ಮಗಳು ಹೊರದೇಶದಿಂದ ಬಂದು ಮನೆ ಖಾಲಿ ಮಾಡಿಸುತ್ತಿದ್ದರು. ಒಂಬತ್ತು ಗೋಣಿಚೀಲ, ಹದಿನಾಲ್ಕು ಸಾವಿರ. ನಾವೆಲ್ಲ ಮಾಡುವುದನ್ನೇ ನಾನೂ ಮಾಡಿದೆ. ವಿಷಯವಾರು ಒಡೆದೆ. ವಿಮಾನದ್ದೆಲ್ಲ ಒಬ್ಬನೇ ಪಾರ್ಟಿಗೆ ಆರು ಸಾವಿರಕ್ಕೆ ಹೋಯಿತು. ಕುದುರೆಯದ್ದು ಯಾರಿಗೆ ಬೇಕು ಅಂತ ಅವೆನ್ಯೂ ರಸ್ತೆಯ ಒಬ್ಬರಿಗೆ ಹೆಚ್ಚುಕಮ್ಮಿ ಕೆಜಿ ಲೆಕ್ಕದಲ್ಲೇ ಕೊಟ್ಟೆ. ಕಾದಂಬರಿಗಳನ್ನು ಮೂವತ್ತು, ಐವತ್ತು ರೂಪಾಯಿಗೆ ಫುಟ್‌ಪಾತಿನಲ್ಲಿ ಹಾಕಿದೆ. ಎಲ್ಲ ಕೂಡಿಸಿದರೆ ಹದಿಮೂರು ಚಿಲ್ಲರೆ ಬಂತು. ಟೆಂಪೋ ಬಾಡಿಗೆ, ಹಮಾಲಿ ಬೇರೆ. ಆಮೇಲೆ ಒಂದು ದಿನ ಅದೇ ಲಾಟಿನ ಒಂದು ಪುಸ್ತಕ, ಮೂಲೆಯಲ್ಲಿ ಅದೇ ಇಂಕಿನ ಸಹಿ ಇದ್ದದ್ದು, ಮುಂಬೈಯ ಒಬ್ಬ ಡೀಲರ್ ಹತ್ತಿರ ನಾಲ್ಕೂವರೆ ಸಾವಿರಕ್ಕೆ ಇರುವುದು ಕಣ್ಣಿಗೆ ಬಿತ್ತು. ಹೊಟ್ಟೆ ಉರಿದುಹೋಯಿತು.

ಎರಡನೇ ತಪ್ಪು ಇನ್ನೂ ಮಜಾ. ಕುದುರೆ ಪುಸ್ತಕ ಎಲ್ಲಿ ಮಾರಬೇಕು? ರೇಸ್ ಕೋರ್ಸ್ ಹತ್ತಿರ, ಅಲ್ವಾ? ಚಳಿಗಾಲದ ಸೀಸನ್‌ನಲ್ಲಿ ಎರಡು ಶನಿವಾರ ಅಲ್ಲೇ ಹತ್ತಿರದಲ್ಲಿ ಟಾರ್ಪಾಲ್ ಹಾಸಿ ಕೂತೆ. ಇಪ್ಪತ್ತೈದು ಪುಸ್ತಕ ಇಟ್ಟಿದ್ದೆ. ಒಂದೂ ಹೋಗಲಿಲ್ಲ. ಮೂರು ಜನ ಪೆನ್ ಇದೆಯಾ ಅಂತ ಕೇಳಿದರು. ರೇಸಿಗೆ ಹೋಗುವವನಿಗೆ ಬೇಕಾದದ್ದು ನಂಬರ್ ಮತ್ತು ಜಾಕಿಯ ಹೆಸರು. ಗೊರಸಿನ ರೋಗದ ಪುಸ್ತಕ ಕಟ್ಟಿಕೊಂಡು ಅವನೇನು ಮಾಡುತ್ತಾನೆ? ಎರಡನೇ ವಾರ ಹತ್ತು ಪೆನ್ ತಗೊಂಡು ಹೋಗಿದ್ದೆ, ಒಪ್ಪಿಕೊಳ್ಳುತ್ತೇನೆ. ಪೆನ್ನೆಲ್ಲ ಖರ್ಚಾದವು.

ದಾರಿ ತೋರಿಸಿದ್ದು 2021ರ ಲಾಟ್. ಕುಕ್ ಟೌನ್‌ನ ಹಳೇ ಬಂಗಲೆ. ಅಜ್ಜ ಸವಾರಿ ಪಡೆಯವರು, ಮಗ ಏರ್ ಫೋರ್ಸ್, ಸೊಸೆ ಕಾದಂಬರಿ ಹುಚ್ಚಿನವರು. ಒಂದೇ ಬೀರುವಿನಲ್ಲಿ ಮೂರೂ ಬೆರೆತುಕೊಂಡಿದ್ದವು. ಆಗ ಹೊಳೆಯಿತು, ಈ ಬೆರಕೆ ಬೆಂಗಳೂರಿನ ಮನೆಗಳಲ್ಲಿ ಸಹಜವಾದದ್ದೇ. ದಂಡು ಪ್ರದೇಶದ ತುಂಬ ಕುದುರೆ ಇದ್ದ ಊರು ಇದು. 1918ರಲ್ಲಿ ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್‌ನ ಸ್ಮಾರಕ ಜೆ.ಸಿ. ನಗರದಲ್ಲಿದೆ. ಅದೇ ಊರಲ್ಲಿ 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ವಿಮಾನ ಕಾರ್ಖಾನೆ, ಈಗಿನ ಎಚ್ಎಎಲ್, ತೆರೆದರು. ಅಜ್ಜ ಕುದುರೆಗೆ ಲಾಳ ಹೊಡೆದರೆ, ಮೊಮ್ಮಗ ವಿಮಾನದ ತಗಡಿಗೆ ರಿವೆಟ್ ಮೊಳೆ ಹೊಡೆದ. ಪುಸ್ತಕಗಳೂ ಹಾಗೇ ಬಂದು ಸೇರಿವೆ.

ಆ ಲಾಟಿಗೆ ಟೆಂಪೋ ಸೇರಿ ಮೂವತ್ತೆರಡು ಸಾವಿರ ಬಿತ್ತು. ಹೆಂಡತಿಯ ಚೀಟಿ ದುಡ್ಡು. ಒಡೆಯಬಾರದು ಅಂತ ದೊಡ್ಡ ಯೋಚನೆ ಮಾಡಿದೆ ಅಂದರೆ ಸುಳ್ಳಾಗುತ್ತದೆ. ಸೊಂಟ ಹಿಡಿದುಕೊಂಡಿತ್ತು. ವಿಂಗಡಿಸುವುದಕ್ಕೆ ಆಗದೆ, ಚೀಲದಿಂದ ಬಂದ ಹಾಗೇ ಬಾಗಿಲ ರ‍್ಯಾಕಿಗೆ ಜೋಡಿಸಿಬಿಟ್ಟೆ. ವಾರದೊಳಗೆ ಒಬ್ಬ ಅಮ್ಮಾವ್ರು ಕಾದಂಬರಿ ಹುಡುಕಿಕೊಂಡು ಬಂದರು. ಜೊತೆಗೆ ಹನ್ನೆರಡು ವರ್ಷದ ಮಗಳು. ಅವಳು ರೈಡಿಂಗ್ ಕಲಿಯುತ್ತಿದ್ದಳಂತೆ. ಅಮ್ಮ ಕಾದಂಬರಿ ತಿರುವುತ್ತಿದ್ದರೆ ಇವಳು ಪಕ್ಕದ ಕುದುರೆ ಪುಸ್ತಕ ಎಳೆದಳು. ಆಮೇಲೆ ನನಗೇ ಪಾಠ ಶುರು: ಈಗಿನ ಥರೋಬ್ರೆಡ್ ರೇಸ್ ಕುದುರೆಗಳ ಗಂಡು ವಂಶಕ್ಕೆ ಮೂಲ ಮೂರೇ ಕುದುರೆ ಅಂಕಲ್, ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಮಾರ್ವಾಡಿ ಕುದುರೆಯ ಕಿವಿ ಒಳಕ್ಕೆ ಬಾಗಿ ತುದಿಗೆ ತುದಿ ತಾಗುತ್ತದೆ ಅಂತ ಎರಡು ಬೆರಳು ಮಡಚಿ ತೋರಿಸಿದಳು. ಅಮ್ಮ ಎಂಬತ್ತು ರೂಪಾಯಿ ಕಾದಂಬರಿಗೆ ಬಂದವರು ಹದಿನಾರು ನೂರು ಕೊಟ್ಟು ಹೋದರು.

ಆವತ್ತಿನಿಂದ ರ‍್ಯಾಕನ್ನು ಮುಟ್ಟಲಿಲ್ಲ. ಖಾಲಿಯಾದ ಜಾಗಕ್ಕೆ ಅದೇ ಬೆರಕೆಯಲ್ಲಿ ತುಂಬುತ್ತಾ ಬಂದೆ.

ಮೂರನ್ನೂ ಕೂಡಿಸುವುದಕ್ಕೆ ಅಂಗಿಯ ಗುಂಡಿಯಂಥದ್ದು ಒಂದು ಬೇಕು. ನನಗೆ ಸಿಕ್ಕಿದ ಗುಂಡಿ ಡಿಕ್ ಫ್ರಾನ್ಸಿಸ್. ಪತ್ತೇದಾರಿ ಕಾದಂಬರಿಕಾರ ಅಂತ ನಿಮಗೆಲ್ಲ ಗೊತ್ತು, ಕಟ್ಟು ಕಟ್ಟಾಗಿ ಬರುತ್ತವೆ, ನಲವತ್ತು ರೂಪಾಯಿಗೆ ಎಸೆಯುತ್ತೇವೆ. ಆ ಮನುಷ್ಯ ಮೊದಲು ಯುದ್ಧಕಾಲದ ಬ್ರಿಟಿಷ್ ಏರ್ ಫೋರ್ಸಿನಲ್ಲಿ ಪೈಲಟ್, ಆಮೇಲೆ ಚಾಂಪಿಯನ್ ಜಾಕಿ. ಇಂಗ್ಲೆಂಡಿನ ದೊಡ್ಡ ಕುದುರೆ ಓಟ 1956ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಗೆಲುವಿನ ಗೆರೆ ಇನ್ನೇನು ಬಂತು ಅನ್ನುವಾಗ ಅವರ ಕುದುರೆ ಡೆವನ್ ಲಾಕ್ ಹೊಟ್ಟೆ ಮೇಲೆ ಕುಸಿಯಿತು. ಕಾದಂಬರಿ ಎಲ್ಲ ಆಮೇಲೆ. ಕುದುರೆ, ವಿಮಾನ, ಕಥೆ ಮೂರೂ ಒಬ್ಬನಲ್ಲೇ! ಈ ಕಥೆಯನ್ನು ಗಿರಾಕಿಗೆ ಹೇಳಿ ನೋಡಿ. ನಲವತ್ತರ ಪುಸ್ತಕ ನೂರೈವತ್ತಕ್ಕೆ ಹೋಗುತ್ತದೆ, ಕೈ ತಾನಾಗಿ ಪಕ್ಕದ ಪುಸ್ತಕಕ್ಕೂ ಹೋಗುತ್ತದೆ. ಇಂಥ ಗುಂಡಿ ಇನ್ನೆರಡು ಇವೆ ನನ್ನ ಹತ್ತಿರ. ಅವನ್ನು ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಲೆಕ್ಕಕ್ಕೆ ಬರೋಣ. ಕಾದಂಬರಿಯಿಂದ ದಿನದ ಖರ್ಚು ಹುಟ್ಟುತ್ತದೆ, ಲಾಟಿಗೆ ಹಾಕಿದ ಬಂಡವಾಳ ವಿಮಾನದಿಂದ ವಾಪಸ್ ಬರುತ್ತದೆ. ಲಾಭ ಕುದುರೆಯದ್ದು, ಆದರೆ ಆರು ತಿಂಗಳು ಕೂತರೂ ಕೂತಿತು. ಕುಕ್ ಟೌನ್ ಲಾಟಿನಲ್ಲಿ ಒಂದೂವರೆ ವರ್ಷಕ್ಕೆ ಸುಮಾರು ಒಂದು ಲಕ್ಷ ಹತ್ತು ಸಾವಿರ ಬಂತು. ಕುದುರೆ ಪುಸ್ತಕ ಲೆಕ್ಕದಲ್ಲಿ ಹತ್ತರಲ್ಲಿ ಒಂದು, ದುಡ್ಡಿನಲ್ಲಿ ಮೂರರಲ್ಲಿ ಒಂದು. ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಓದಿದ ಡಾಕ್ಟರುಗಳು, ರೈಡಿಂಗ್ ಕಲಿಯುವ ಮಕ್ಕಳ ಅಪ್ಪ ಅಮ್ಮ, ನಿವೃತ್ತ ಫೌಜಿಗಳು, ಇಷ್ಟೇ ಜನ. ಚೌಕಾಸಿ ಮಾಡುವುದು ಕಡಿಮೆ. ಕುದುರೆ ಪುಸ್ತಕದ ಬೆಲೆ ಹೇಗೆ ಕಟ್ಟುತ್ತೇನೆ ಅಂತ ಕೇಳಬೇಡಿ. ಮುಖ ನೋಡಿ ಅಲ್ಲ ಅಂತ ಮಾತ್ರ ಹೇಳುತ್ತೇನೆ.

ವಿಮಾನದ ಗಿರಾಕಿ ಬೇರೆ ಜಾತಿ. ಮಾಡೆಲ್ ಕಟ್ಟುವ ಹುಡುಗರಿಗೆ ವಿಮಾನವನ್ನು ಪಕ್ಕದಿಂದ ತೋರಿಸುವ ಬಣ್ಣದ ಪ್ರೊಫೈಲ್ ಚಿತ್ರ ಬೇಕು, ಬರವಣಿಗೆ ಬೇಡ. ಕಾಕ್‌ಪಿಟ್ಟಿನ ಫೋಟೊ ಇದ್ದರೆ ಇನ್ನೂರು ಜಾಸ್ತಿ. ಜಗತ್ತಿನ ವಿಮಾನಗಳ ವಿವರ ಇರುವ ಜೇನ್ಸ್ ವಾರ್ಷಿಕ ಸಂಪುಟ ಕಂಡರೆ ಹಾರಿ ಬೀಳಬೇಡಿ. ಎಂಬತ್ತು, ತೊಂಬತ್ತರ ದಶಕದವು ಭಾರ ಜಾಸ್ತಿ, ಬೆಲೆ ಕಮ್ಮಿ. ಮೂರು ಸಂಪುಟ ತಂದು ಎರಡು ವರ್ಷ ಮೇಜಿನ ಕಾಲಿಗೆ ಒತ್ತು ಕೊಟ್ಟುಕೊಂಡಿದ್ದೆ. ಓಡುವುದು ನಮ್ಮ ಊರಿನ ವಿಮಾನಗಳು. ಮಾರುತ್ ಫೈಟರ್ ಇದೆಯಲ್ಲ, ಜರ್ಮನಿಯ ಕುರ್ಟ್ ಟ್ಯಾಂಕ್ ಇಲ್ಲಿ ಬಂದು ವಿನ್ಯಾಸ ಮಾಡಿದ್ದು, 1961ರಲ್ಲಿ ಮೊದಲು ಹಾರಿದ್ದು, ಅದರ ಬಗ್ಗೆ ನಾಲ್ಕು ಪುಟ ಇದ್ದರೂ ಸಾಕು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಅದನ್ನು ಮುಟ್ಟಿ ಬೆಳೆದ ಮಕ್ಕಳು ಈಗ ಐವತ್ತು ದಾಟಿದ್ದಾರೆ, ಕೈಯಲ್ಲಿ ದುಡ್ಡೂ ಇದೆ.

ಒಂದು ಸಲ ವಿಮಾನಪುರದಿಂದ ಒಬ್ಬ ಹಿರಿಯರು ಬಂದರು, ಮಗನ ಕೈ ಹಿಡಿದುಕೊಂಡು. ಕಿರಣ್ ತರಬೇತಿ ವಿಮಾನದ ಫೋಟೊ ಇರುವ ಪುಟ ತೆಗೆದುಕೊಟ್ಟೆ. ಕನ್ನಡಕ ಹಣೆಗೆ ಏರಿಸಿ, ಪುಟವನ್ನು ಮೂಗಿನ ಹತ್ತಿರ ತಂದು, ರೆಕ್ಕೆಯ ಬುಡದಲ್ಲಿ ಉಗುರು ಇಟ್ಟರು. "ಈ ಸಾಲು ನಮ್ಮ ಶಾಪಿಂದು ಕಣಯ್ಯ" ಅಂದರು. ಸಾಲು ಅಂದರೆ ರಿವೆಟ್ ಸಾಲು. ಫೋಟೊದಲ್ಲಿ ನನಗೆ ಅದು ಕಾಣಲೇ ಇಲ್ಲ. ಮಗ ಬೆಲೆ ಕೇಳಿದರು. ಏಳುನೂರು ಬರೆದಿತ್ತು, ಐನೂರು ತಗೊಂಡೆ. ವ್ಯಾಪಾರಿಯಾಗಿ ತಪ್ಪು, ಆದರೂ ತಗೊಂಡೆ.

ಯಲಹಂಕದ ವಿಮಾನ ಪ್ರದರ್ಶನ ಏರೋ ಇಂಡಿಯಾ ನಡೆಯುವ ವಾರ ನಮಗೆ ದೀಪಾವಳಿ. 2023ರ ಫೆಬ್ರವರಿಯಲ್ಲಿ ಐದು ದಿನಕ್ಕೆ ಹದಿನೆಂಟು ಸಾವಿರದ ವಿಮಾನ ಪುಸ್ತಕ ಹೋಯಿತು. ಯಲಹಂಕಕ್ಕೆ ಹೋಗಿ ಕೂರಲಿಲ್ಲ, ರೇಸ್ ಕೋರ್ಸ್ ಬುದ್ಧಿ ಕಲಿಸಿತ್ತು. ಶೋ ನೋಡಿ ಬಂದವರು ಭಾನುವಾರ ಚರ್ಚ್ ಸ್ಟ್ರೀಟ್ ಸುತ್ತುತ್ತಾರೆ, ಅವರು ಬರುವ ಹೊತ್ತಿಗೆ ರ‍್ಯಾಕ್ ತುಂಬಿಸಿಟ್ಟಿದ್ದೆ. 2025ರಲ್ಲಿ ಅಷ್ಟು ಬರಲಿಲ್ಲ, ಹನ್ನೊಂದೋ ಹನ್ನೆರಡೋ. ಆದರೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮಿಗ್-21 ಚಂಡೀಗಢದಲ್ಲಿ ನಿವೃತ್ತಿಯಾಯಿತಲ್ಲ, ಆ ವಾರ ವರ್ಷಗಟ್ಟಲೆ ಕೂತಿದ್ದ ನಾಲ್ಕು ಪುಸ್ತಕ ಒಟ್ಟಿಗೆ ಎದ್ದು ಹೋದವು.

ಒಂದು ಎಚ್ಚರಿಕೆ. ಇಂಥ ಮನೆಗಳ ಲಾಟಿನಲ್ಲಿ ಕೆಲವೊಮ್ಮೆ ಇಲಾಖೆಯ ಮ್ಯಾನ್ಯುಯಲ್‌ಗಳೂ ಬರುತ್ತವೆ. 'ರಿಸ್ಟ್ರಿಕ್ಟೆಡ್' ಅಂತ ಮೊಹರು ಇದ್ದರೆ ಎಷ್ಟೇ ಹಳೆಯದಾದರೂ ಮಾರಬೇಡಿ. ನಾನು ಮನೆಯವರಿಗೇ ವಾಪಸ್ ಕೊಟ್ಟು, ನೀವೇ ಇಲಾಖೆಗೆ ಮುಟ್ಟಿಸಿ ಅನ್ನುತ್ತೇನೆ. ದುಡ್ಡು ಬರುತ್ತದೆ ನಿಜ, ನಿದ್ದೆ ಬರುವುದಿಲ್ಲ.

ಈಗ ನನ್ನ ಅಡ್ಡ ಪ್ರಯೋಗಗಳು. ಬೆಳ್ಳಿಹುಳ ಸಾಯಿಸಲು ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿ ಹೋಗದಂತೆ ಸುತ್ತಿ ಮನೆಯ ಫ್ರೀಜರಿನಲ್ಲಿ ಎರಡು ವಾರ ಇಟ್ಟೆ. ಮೀನಿಡುವ ಜಾಗದಲ್ಲಿ ವಿಮಾನ ಇಟ್ಟಿದ್ದೀರಾ ಅಂತ ಮನೆಯಲ್ಲಿ ಜಗಳ. ಹುಳ ಸತ್ತವು. ಆದರೆ ಅವಸರಕ್ಕೆ ಹೊರಗೆ ತೆಗೆದ ತಕ್ಷಣ ಕವರ್ ಬಿಚ್ಚಿದೆ. ತಣ್ಣನೆಯ ಪುಟಗಳ ಮೇಲೆ ಬೆವರು ಕೂತಿತು. ನುಣುಪಾದ ಆರ್ಟ್ ಪೇಪರ್ ಒದ್ದೆಯಾದರೆ ಅಂಟಿಕೊಳ್ಳುತ್ತದೆ, ಗೊತ್ತಲ್ಲ. ಬಿಡಿಸಲು ಹೋದರೆ ಹಂಟರ್ ವಿಮಾನದ ಮೂಗು ಕಿತ್ತು ಎದುರು ಪುಟಕ್ಕೆ ಹೋಯಿತು. ಒಂಬೈನೂರರ ಪುಸ್ತಕ ರದ್ದಿಗೆ. ಈಗ ಹೊರಗೆ ತೆಗೆದ ಮೇಲೆ ಒಂದು ದಿನ ಪೂರ್ತಿ ಕವರ್ ಬಿಚ್ಚುವುದಿಲ್ಲ.

ಬೈಂಡಿಂಗ್‌ಗೆ ಫೆವಿಕಾಲ್ ಹಾಕಿ ನಾಲ್ಕು ಕುದುರೆ ಪುಸ್ತಕದ ಬೆನ್ನು ಕಲ್ಲು ಮಾಡಿದ್ದೆ, ತೆರೆದರೆ ಪಟ್ ಅಂತ ಮುರಿಯುತ್ತಿದ್ದವು. ಮತ್ತೆ ಹಳೇ ದಾರಿಗೇ ಬಂದೆ, ಮೈಲುತುತ್ತ ಹಾಕಿದ ಮೈದಾ ಅಂಟು. ಇನ್ನೊಂದು ಪಾಪವೂ ಇದೆ. ರಟ್ಟು ಹೋದ ಒಂದು ಹಳೇ ಪುಸ್ತಕದಿಂದ ಕುದುರೆ ಚಿತ್ರಗಳನ್ನು ಕತ್ತರಿಸಿ ಫ್ರೇಮ್ ಹಾಕಿ ಮಾರಿದೆ. ಹನ್ನೆರಡು ಚಿತ್ರ, ಒಂದೊಂದು ನಾನೂರು. ದುಡ್ಡು ಚೆನ್ನಾಗಿ ಬಂತು. ಉಳಿದ ಅಕ್ಷರದ ಪುಟಗಳ ಕಟ್ಟು ಇನ್ನೂ ಕಪಾಟಿನಲ್ಲಿದೆ, ರದ್ದಿಗೆ ಹಾಕಲು ಕೈ ಬರುತ್ತಿಲ್ಲ. ಇನ್ನೊಮ್ಮೆ ಮಾಡುವುದಿಲ್ಲ.

ಕನ್ನಡದ ಪ್ರಯೋಗ ಅರ್ಧ ಗೆದ್ದಿತು. ಮಲ್ಲೇಶ್ವರದ ಮುಚ್ಚಿದ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಎರಡು ಚೀಲ ಕಾದಂಬರಿ ತಂದು ಅದೇ ರ‍್ಯಾಕಿಗೆ ಸೇರಿಸಿದೆ. ಕಾದಂಬರಿ ಹೋದವು. ಆದರೆ ಗಿರಾಕಿಗಳು "ಕುದುರೆ ಬಗ್ಗೆ ಕನ್ನಡದಲ್ಲಿ ಏನೂ ಇಲ್ವಾ?" ಅಂತ ಕೇಳತೊಡಗಿದರು. ಮೈಸೂರು ಅರಸರ ಕಾಲದಲ್ಲೇ ಹಯಸಾರ ಸಮುಚ್ಚಯ ಅಂತ ಕುದುರೆ ಶಾಸ್ತ್ರ ಬರೆದ ಭಾಷೆ ನಮ್ಮದು. ಹೊಸದಾಗಿ ಬರೆದದ್ದು ನನ್ನ ಕೈಗೆ ಮಕ್ಕಳ ಪುಸ್ತಕ ಬಿಟ್ಟರೆ ಸಿಕ್ಕಿಲ್ಲ. ಯಾರಾದರೂ ಬರೆದರೆ ಮೊದಲ ಐವತ್ತು ಪ್ರತಿ ನಾನೇ ಎತ್ತುತ್ತೇನೆ, ನಗದು.

ಹೊರ ಊರಿನ ವ್ಯಾಪಾರಕ್ಕೆ ಮಾತ್ರ ಪೆಟ್ಟು ಬಿತ್ತು. ಪುಸ್ತಕಕ್ಕೆಂದೇ ಇದ್ದ ಅಂಚೆಯ ಬುಕ್ ಪೋಸ್ಟ್ ದರ 2024ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಐದು ಕೆಜಿ ಕಟ್ಟು ನೂರು ರೂಪಾಯಿ ಒಳಗೆ ಹೋಗುತ್ತಿದ್ದದ್ದು ಆಗ ಎರಡು, ಮೂರು ಪಟ್ಟಾಯಿತು. ಪುಣೆಯ ಒಬ್ಬ ಖಾಯಂ ಗಿರಾಕಿ ಈಗ ಬೆಂಗಳೂರಿಗೆ ಬರುವ ನೆಂಟರ ಕೈಯಲ್ಲಿ ತರಿಸಿಕೊಳ್ಳುತ್ತಾರೆ.

ಇನ್ನೂ ಸೋತಿರುವುದು ಹೇಸರಗತ್ತೆಯ ಹತ್ತಿರ. ಕುಕ್ ಟೌನ್ ಲಾಟಿನಲ್ಲೇ ಬಂದದ್ದು, ಸೈನ್ಯದ ಸಾಮಾನು ಹೊರುವ ಹೇಸರಗತ್ತೆ ಸಾಕುವ ಬಗ್ಗೆ ಎರಡು ಪುಸ್ತಕ. ಹೇರು ಕಟ್ಟುವ ಚಿತ್ರಗಳು ಒಂದಕ್ಕಿಂತ ಒಂದು ಚೆನ್ನಾಗಿವೆ. ಕುದುರೆ ಪಕ್ಕ ಇಟ್ಟೆ, ವಿಮಾನದ ಪಕ್ಕ ಇಟ್ಟೆ, ಕಾದಂಬರಿ ಕೆಳಗೆ ಮಲಗಿಸಿದೆ. ಆರುನೂರು ಇದ್ದದ್ದು ನಾನೂರಾಯಿತು, ಈಗ ಜೋಡಿಗೆ ಇನ್ನೂರೈವತ್ತು. ಮೊನ್ನೆ ಅಣ್ಣ ಬಂದು ಕಾಫಿ ಲೋಟ ಅದರ ಮೇಲೇ ಇಟ್ಟರು. ಲೋಟ ಎತ್ತಿ, ರಟ್ಟು ಒರೆಸಿ, ಮತ್ತೆ ಅಲ್ಲೇ ಇಟ್ಟಿದ್ದೇನೆ.