ಬ್ಯಾರೆಲ್‌ನಲ್ಲಿ ಮಾಗಿದ ಕಪ್ಪು ಬಿಯರ್: ನಾನು ರುಚಿ ನೋಡುವ ರೀತಿ

ಬೆಂಗಳೂರಿನಲ್ಲಿ ಬಿಯರ್ ಅಂದರೆ ತಣ್ಣಗಿರಬೇಕು. ಅಂಗಡಿಯಲ್ಲಿ ಬ್ರ್ಯಾಂಡ್ ಹೆಸರು ಹೇಳುವ ಮೊದಲೇ "ಅಣ್ಣಾ, ಚಿಲ್ಡ್ ಇದೆಯಾ?" ಎಂದು ಕೇಳುವವರು ನಾವು. ಆದರೆ ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿದರೆ ಅರ್ಧ ರುಚಿಯೂ ಸಿಗದ ಬಿಯರ್ ಒಂದಿದೆ. ಅದು ಇಂಪೀರಿಯಲ್ ಸ್ಟೌಟ್. ಸ್ಟೌಟ್ ಅಂದರೆ ಹುರಿದ ಕಾಳಿನಿಂದ ಮಾಡುವ ಕಪ್ಪು ಬಿಯರ್, ಇಂಪೀರಿಯಲ್ ಅಂದರೆ ಅದರಲ್ಲೇ ಆಲ್ಕೋಹಾಲ್ ಜಾಸ್ತಿ ಇರುವುದು. ಅದರಲ್ಲೂ ವಿಸ್ಕಿ ಇದ್ದ ಮರದ ಬ್ಯಾರೆಲ್‌ನಲ್ಲಿ ತಿಂಗಳುಗಟ್ಟಲೆ ಮಾಗಿದ ಸ್ಟೌಟ್.

ನನ್ನ ಕೆಲಸ ಕಾಫಿಯ ರುಚಿ ನೋಡುವುದು. ತೋಟಗಳಿಂದ ಬಂದ ಸ್ಯಾಂಪಲ್ ಹುರಿದು, ಪುಡಿ ಮಾಡಿ, ಕಪ್ಪಿಗೆ ಹಾಕಿ ಬಿಸಿನೀರು ಸುರಿಯುತ್ತೇವೆ. ನಾಲ್ಕು ನಿಮಿಷ ಬಿಟ್ಟು ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆದು ಮೂಸುತ್ತೇವೆ. ಆಮೇಲೆ ಚಮಚದಲ್ಲಿ ತೆಗೆದು ಸುರ್ ಎಂದು ಹೀರುವುದು. ಒಂದೇ ಕಪ್ಪನ್ನು ಬಿಸಿ ಇದ್ದಾಗ ಒಮ್ಮೆ, ಉಗುರು ಬೆಚ್ಚಗಾದಾಗ ಒಮ್ಮೆ, ಪೂರ್ತಿ ಆರಿದ ಮೇಲೆ ಮತ್ತೊಮ್ಮೆ ನೋಡುತ್ತೇವೆ. ಬಿಸಿಯಲ್ಲಿ ಗೊತ್ತಾಗದ ಹುಳಿ, ಸಿಹಿ, ಕೆಲವು ದೋಷಗಳು ಆರಿದಾಗ ಎದ್ದು ಕಾಣುತ್ತವೆ. ಕಪ್ಪು ಬಿಯರ್‌ಗೂ ನಾನು ಇದೇ ಕ್ರಮ ಇಟ್ಟುಕೊಂಡಿದ್ದೇನೆ. ದಿಕ್ಕು ಮಾತ್ರ ಉಲ್ಟಾ. ಇಲ್ಲಿ ತಣ್ಣಗಿದ್ದದ್ದು ಮೆಲ್ಲಗೆ ಬೆಚ್ಚಗಾಗುತ್ತಾ ಹೋಗುತ್ತದೆ, ಪ್ರತಿ ಹಂತದಲ್ಲೂ ಒಂದು ಗುಟುಕು ನೋಡಬೇಕು.

ಈ ಬಾಟಲಿಗಳು ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೆ ಕಾರಣ ಇದೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಸ್ಟ್ರಾಂಗ್ ಬಿಯರ್ ಅಂದರೆ ಶೇ. 5ಕ್ಕಿಂತ ಜಾಸ್ತಿ, ಶೇ. 8ರವರೆಗೆ ಆಲ್ಕೋಹಾಲ್ ಇರುವಂಥದ್ದು. ಇಂಪೀರಿಯಲ್ ಸ್ಟೌಟ್ ಸಾಮಾನ್ಯವಾಗಿ ಶೇ. 8 ದಾಟಿರುತ್ತದೆ, ಬ್ಯಾರೆಲ್‌ನದ್ದು 12, 14 ದಾಟುವುದೂ ಉಂಟು. ಹಾಗಾಗಿ ವಿದೇಶದಿಂದ ಬರುವವರನ್ನೇ ಕೇಳಬೇಕು. ಒಬ್ಬರು ಸುಂಕ ಕಟ್ಟದೆ 2 ಲೀಟರ್ ಮದ್ಯ ತರಬಹುದು. ನನ್ನ ಅತ್ತೆ ಮಗ ಅಮೆರಿಕದಿಂದ ಬರುವಾಗ ತಂದಿದ್ದು ಫೌಂಡರ್ಸ್ ಬ್ರೂಯಿಂಗ್ ಕಂಪನಿಯ ಕೆಬಿಎಸ್. ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ಊರಿನದ್ದು. ಕಾಫಿ, ಚಾಕೊಲೇಟ್ ಹಾಕಿ ಮಾಡಿದ ಸ್ಟೌಟ್, ಬೂರ್ಬನ್ (ಅಮೆರಿಕದ ಮೆಕ್ಕೆಜೋಳದ ವಿಸ್ಕಿ) ಇದ್ದ ಬ್ಯಾರೆಲ್‌ನಲ್ಲಿ ಮಾಗಿಸಿದ್ದು, ಸುಮಾರು ಶೇ. 12. ಆ ಊರಿನ ಅಡಿಯಲ್ಲಿ ಹಳೆಯ ಜಿಪ್ಸಂ ಗಣಿಗಳಿವೆ. ಬ್ಯಾರೆಲ್‌ಗಳನ್ನು ಅಲ್ಲೇ ಇಳಿಸಿ ಇಡುತ್ತಾರೆ. ನೆಲದಡಿ ವರ್ಷವಿಡೀ ಒಂದೇ ಥಂಡಿ.

ಬಾಟಲಿ 355 ಮಿ.ಲೀ., ನೋಡುವುದಕ್ಕೆ ಚಿಕ್ಕದು. ಲೆಕ್ಕ ಹಾಕಿದರೆ ಅದರಲ್ಲಿರುವ ಆಲ್ಕೋಹಾಲ್ ನಮ್ಮ ವಿಸ್ಕಿ 100 ಮಿ.ಲೀ.ನಲ್ಲಿ ಇರುವಷ್ಟು. ಅದಕ್ಕೇ ನಾನು ಇದನ್ನು ಒಬ್ಬನೇ ಕೂತು ಮುಗಿಸುವುದಿಲ್ಲ. ಒಂದು ಬಾಟಲಿಗೆ ಮೂರು ಅಥವಾ ನಾಲ್ಕು ಜನ, ಒಂದೂವರೆ ಗಂಟೆ. ಮನೆಗೆ ಬರುವವರಿಗೆ ಮೊದಲೇ ಹೇಳುತ್ತೇನೆ: ಗಾಡಿ ತರಬೇಡಿ, ಮೆಟ್ರೋದಲ್ಲಿ ಬನ್ನಿ.

ಬಾಟಲಿ ತೆರೆಯುವ ಮೊದಲು ಒಂದು ತಯಾರಿ ಮಾಡಿಕೊಳ್ಳುತ್ತೇನೆ. ನನಗೆ ತುಂಬಾ ಉಪಯೋಗವಾದದ್ದು ಇದೇ. ಬ್ಯಾರೆಲ್ ಸ್ಟೌಟ್‌ನಲ್ಲಿ ರುಚಿಗಳು ಒಂದರ ಮೇಲೊಂದು ಕೂತಿರುತ್ತವೆ. ಹುರಿದ ಕಾಳಿನದ್ದು ಒಂದು, ಹುದುಗಿದ್ದರಿಂದ ಬಂದದ್ದು ಒಂದು, ಮರದ್ದು ಮತ್ತು ಆ ಮರ ಹಿಂದೆ ಕುಡಿದಿದ್ದ ವಿಸ್ಕಿಯದು ಒಂದು. ಮೊದಲ ಸಲ ಕುಡಿಯುವವರಿಗೆ ಎಲ್ಲ ಸೇರಿ "ಸ್ಟ್ರಾಂಗ್ ಆಗಿದೆ" ಅನ್ನಿಸಿ ಅಲ್ಲಿಗೇ ಮುಗಿಯುತ್ತದೆ. ಒಂದೊಂದನ್ನೂ ಬಿಡಿಯಾಗಿ ಪರಿಚಯ ಮಾಡಿಕೊಂಡರೆ ಒಟ್ಟಿಗೆ ಸಿಕ್ಕಾಗ ಗುರುತು ಹಿಡಿಯಬಹುದು.

ಹುರಿದ ಕಾಳಿನ ರುಚಿಗೆ ಇಂದಿರಾನಗರದ ಟಾಯ್ಟ್‌ಗೆ ಹೋದೆವು. 2010ರಿಂದ ಇರುವ ಬ್ರೂ ಪಬ್, ಅಂದರೆ ತಮ್ಮ ಬಿಯರ್ ತಾವೇ ಮಾಡಿ ಕೊಡುವ ಜಾಗ. ಅವರ ಡಾರ್ಕ್ ನೈಟ್ ಸ್ಟೌಟ್ ಹಗುರ, ಬ್ಯಾರೆಲ್ ಸಹವಾಸ ಇಲ್ಲದ್ದು. ಸಣ್ಣ ಗ್ಲಾಸ್ ತರಿಸಿ ಹತ್ತು ನಿಮಿಷ ಹಾಗೇ ಬಿಟ್ಟು ಕುಡಿದೆ. ಮೊದಲು ಸಿಗುವುದು ಸೀದ ವಾಸನೆ, ಕೊನೆಯಲ್ಲಿ ಒಣ ಕಹಿ. ಆ ಕಹಿಯಲ್ಲಿ ದೊಡ್ಡ ಪಾಲು ಕಪ್ಪಗೆ ಹುರಿದ ಬಾರ್ಲಿಯದು. 1817ರಲ್ಲಿ ಡೇನಿಯಲ್ ವೀಲರ್ ಎಂಬ ಇಂಗ್ಲಿಷಿನವನು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಹುರಿಯುವ ಉರುಳೆಗೆ ಪೇಟೆಂಟ್ ಪಡೆದ. ಬೆಂಕಿಗೆ ಸೀದು ಹೋಗದ ಹಾಗೆ ಕಾಳನ್ನು ತಿರುಗಿಸುತ್ತಾ ಕಪ್ಪು ಮಾಡುವ ಯಂತ್ರ, ನಮ್ಮ ಕಾಫಿ ರೋಸ್ಟರ್‌ನ ಜಾತಿಯದೇ. ಸ್ಟೌಟ್ ಇವತ್ತು ಇಷ್ಟು ಕಪ್ಪಗಿರುವುದಕ್ಕೆ ಆ ಉರುಳೆಯೂ ಕಾರಣ. ಬೆಂಗಳೂರಿನವರಿಗೆ ಇಲ್ಲಿ ಒಂದು ಅನುಕೂಲ ಇದೆ. ಚಿಕೋರಿ ಹಾಕಿದ ಡಿಕಾಕ್ಷನ್ ಕುಡಿದು ಬೆಳೆದ ನಾಲಿಗೆಗೆ ಕಾಫಿಯ ಕಹಿ ಬೇರೆ, ಹುರಿದ ಬೇರಿನ ಕಹಿ ಬೇರೆ ಅನ್ನುವುದು ಗೊತ್ತಿರುತ್ತದೆ. ಹುರಿದ ಬಾರ್ಲಿ ಚಿಕೋರಿಯ ಕಡೆಗೇ ಜಾಸ್ತಿ ವಾಲುತ್ತದೆ.

ಬ್ಯಾರೆಲ್‌ನ ರುಚಿಗೆ ಒಂದಿಷ್ಟು ಬೂರ್ಬನ್ ಸಾಕು. ಗ್ಲಾಸ್‌ಗೆ ಎರಡು ಚಮಚ ಹಾಕಿ ಅಷ್ಟೇ ನೀರು ಬೆರೆಸಿ ಮೂಸಬೇಕು, ಕುಡಿಯಲೇಬೇಕು ಅಂತೇನಿಲ್ಲ. ಅಮೆರಿಕದ ಕಾನೂನಿನ ಪ್ರಕಾರ ಬೂರ್ಬನ್ನನ್ನು ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಒಮ್ಮೆ ಬಳಸಿದ ಪೀಪಾಯಿ ಮತ್ತೆ ಬೂರ್ಬನ್‌ಗೆ ಬರುವುದಿಲ್ಲ. ಹಾಗಾಗಿ ಸುಮಾರು 200 ಲೀಟರ್ ಹಿಡಿಯುವ ಆ ಪೀಪಾಯಿಗಳು ಸ್ಕಾಟ್ಲೆಂಡಿಗೆ ಹೋಗುತ್ತವೆ, ಬಿಯರ್ ಮಾಡುವವರ ಹತ್ತಿರ ಹೋಗುತ್ತವೆ, ನಮ್ಮ ಮೈಸೂರು ರಸ್ತೆಯ ಅಮೃತ್ ಡಿಸ್ಟಿಲರಿಗೂ ಬರುತ್ತವೆ. ಓಕ್ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಅಂಶ ಬೆಂಕಿಯ ಬಿಸಿಗೆ ಒಡೆದು ವೆನಿಲಿನ್ ಆಗುತ್ತದೆ, ವೆನಿಲಾದ ಘಮ ಬರುವುದು ಅಲ್ಲಿಂದ. ಅದೇ ಮರದ ಲ್ಯಾಕ್ಟೋನ್‌ನಿಂದ ಕೊಬ್ಬರಿ ವಾಸನೆ. ಟ್ಯಾನಿನ್‌ನಿಂದ ಒಗರು. ಹಲಗೆಯೊಳಗೆ ಇಳಿದು ಕೂತ ಕೆಲವು ಲೀಟರ್ ಬೂರ್ಬನ್ ಕೂಡ ಬಿಯರ್‌ಗೆ ಸೇರುತ್ತದೆ.

ಅಮೃತ್ ಹೆಸರು ಬಂದಿದ್ದಕ್ಕೆ ಒಂದು ಮಾತು. ಪೀಪಾಯಿಯಿಂದ ಪ್ರತಿ ವರ್ಷ ಸ್ವಲ್ಪ ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಶೇ. 2ರ ಆಸುಪಾಸು. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ, ಸ್ಕಾಟ್ಲೆಂಡಿಗಿಂತ ಎಷ್ಟೋ ಬಿಸಿಯಾದ ಬೆಂಗಳೂರಿನಲ್ಲಿ ಶೇ. 10 ದಾಟುತ್ತದೆ. ಮರವೂ ಅಷ್ಟೇ ಬೇಗ ತನ್ನ ಗುಣ ಕೊಡುತ್ತದೆ. ಇಲ್ಲಿನ ಸಿಂಗಲ್ ಮಾಲ್ಟ್ ವಿಸ್ಕಿ ಕಮ್ಮಿ ವರ್ಷಕ್ಕೇ ಮಾಗುವುದು ಅದಕ್ಕೇ. ಬಿಯರ್‌ಗೆ ಮಾತ್ರ ಈ ಅವಸರ ಒಗ್ಗುವುದಿಲ್ಲ. ಬಿಸಿಯಲ್ಲಿ ಹುಳಿ ಹಿಡಿಸುವ ಬ್ಯಾಕ್ಟೀರಿಯಾಗಳೂ ಚುರುಕಾಗುತ್ತವೆ. ಗ್ರ್ಯಾಂಡ್ ರ್‍ಯಾಪಿಡ್ಸ್‌ನವರಿಗೆ ಆ ಗಣಿ ಯಾಕೆ ಅಷ್ಟು ಮುಖ್ಯ ಅನ್ನುವುದು ಇದರಿಂದ ಅರ್ಥವಾಗುತ್ತದೆ.

ಇನ್ನು ರುಚಿ ನೋಡಿದ ಸಂಜೆ. ಡಿಸೆಂಬರ್ ಆದ್ದರಿಂದ ಮನೆಯೊಳಗೇ ಹಿತವಾದ ಚಳಿ ಇತ್ತು. ಅವತ್ತು ದೇವರ ಮನೆಯಲ್ಲಿ ಊದುಬತ್ತಿ ಬೆಳಿಗ್ಗೆಯೇ ಹಚ್ಚಿ ಮುಗಿಸಿದ್ದೆವು. ಸಂಜೆ ಒಗ್ಗರಣೆ ಇಲ್ಲ, ಸೊಳ್ಳೆ ಬತ್ತಿ ಇಲ್ಲ. ಗ್ಲಾಸ್‌ಗಳನ್ನು ತೊಳೆದು ಬಿಸಿನೀರಲ್ಲಿ ಮತ್ತೊಮ್ಮೆ ಜಾಲಿಸಿ ಬೋರಲು ಹಾಕಿದ್ದೆ. ಪಾತ್ರೆ ಸೋಪಿನ ಅಂಶ ಉಳಿದರೆ ನೊರೆ ಸತ್ತು ಹೋಗುತ್ತದೆ, ನಿಂಬೆ ವಾಸನೆ ಬೇರೆ. ಬಿಯರ್ ಮಗ್ ಬೇಡ. ಹೊಟ್ಟೆ ಅಗಲ, ಬಾಯಿ ಕಿರಿದಾದ ವೈನ್ ಗ್ಲಾಸ್ ಒಳ್ಳೆಯದು, ಘಮ ಒಳಗೇ ನಿಲ್ಲುತ್ತದೆ. ಜೊತೆಗೆ ಕುಡಿಯುವ ನೀರು ಮತ್ತು ಬರೀ ಮಂಡಕ್ಕಿ. ಕಾಂಗ್ರೆಸ್ ಕಡಲೆಕಾಯಿಯನ್ನು ನನ್ನ ಗೆಳೆಯ ತಂದಿದ್ದ, ಅದನ್ನು ಅಡುಗೆ ಮನೆಗೆ ಕಳಿಸಿದೆ. ಒಂದು ಸಲ ಖಾರ, ಇಂಗು ನಾಲಿಗೆಗೆ ಹತ್ತಿದರೆ ಮುಂದಿನ ಅರ್ಧ ಗಂಟೆ ವೆನಿಲಾ ಸಿಗುವುದಿಲ್ಲ.

ಬಾಟಲಿಯನ್ನು ಇಪ್ಪತ್ತು ನಿಮಿಷ ಮೊದಲು ಹೊರಗಿಟ್ಟು ಗ್ಲಾಸ್‌ನ ಗೋಡೆಗೆ ತಾಗಿಸಿ ಸುರಿದೆ. ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುವುದಿಲ್ಲ, ಅಂಚಿನಲ್ಲಿ ಮಾತ್ರ ಕೆಂಪು ಮಿಶ್ರಿತ ಕಂದು. ನೊರೆಯೂ ಕಂದು, ತೆಳ್ಳಗೆ, ಬೇಗ ಇಳಿಯಿತು. ಆಲ್ಕೋಹಾಲ್ ಇಷ್ಟು ಇದ್ದಾಗ ನೊರೆ ನಿಲ್ಲುವುದು ಕಷ್ಟ, ಅದು ದೋಷವಲ್ಲ. ಗ್ಲಾಸ್ ಆಡಿಸಿದರೆ ಬಿಯರ್ ಗೋಡೆಗೆ ಅಂಟಿಕೊಂಡು ಎಣ್ಣೆಯ ಹಾಗೆ ನಿಧಾನಕ್ಕೆ ಇಳಿಯುತ್ತದೆ.

ಹಾಲು ಹೆಪ್ಪು ಹಾಕುವಾಗ ಬಳಸುವ ಥರ್ಮಾಮೀಟರ್ ಇಟ್ಟು ನೋಡಿದಾಗ 8 ಡಿಗ್ರಿ. ಆಗ ಸಿಕ್ಕಿದ್ದು ಕಾಫಿ, ಕಹಿ, ಗ್ಯಾಸಿನ ಚುರುಕು. ಅಷ್ಟೇ. ಥಂಡಿಯಲ್ಲಿ ಘಮದ ಅಂಶಗಳು ಮೇಲೇಳುವುದಿಲ್ಲ, ನಾಲಿಗೆಗೂ ಸಿಹಿ ಅಷ್ಟಾಗಿ ಗೊತ್ತಾಗುವುದಿಲ್ಲ. ಗೆಳೆಯ "ಬ್ಲ್ಯಾಕ್ ಕಾಫಿಗೆ ಸೋಡಾ ಹಾಕಿದ ಹಾಗಿದೆಯಲ್ಲೋ" ಅಂದ. ಇರು ಮಾರಾಯ, ಇನ್ನೂ ಎದ್ದಿಲ್ಲ ಅದು ಅಂದೆ.

ಅಂಗೈಯಲ್ಲಿ ಗ್ಲಾಸ್ ಹಿಡಿದು ಕೂತೆವು. 12 ಡಿಗ್ರಿಗೆ ಬಂದಾಗ ಚಾಕೊಲೇಟ್ ಬಂತು, ಹಾಲಿನ ಚಾಕೊಲೇಟ್ ಅಲ್ಲ, ಕಹಿ ಕೋಕೋ. ಅದರ ಹಿಂದೆಯೇ ವೆನಿಲಾ. ಈ ಹಂತದಲ್ಲಿ ನಾನು ಕಾಫಿಗೆ ಮಾಡುವ ಹಾಗೇ ಮಾಡುತ್ತೇನೆ. ಸ್ವಲ್ಪವೇ ಬಾಯಿಗೆ ತಗೊಂಡು, ನಾಲಿಗೆಯ ಮೇಲೆಲ್ಲ ಹರಡಿ, ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡುತ್ತೇನೆ. ನಾವು ರುಚಿ ಅನ್ನುವುದರಲ್ಲಿ ಬಹುಪಾಲು ಹೀಗೆ ಗಂಟಲ ಹಿಂದಿನಿಂದ ಮೂಗಿಗೆ ಹೋಗುವ ವಾಸನೆಯೇ. ಉಸಿರು ಬಿಟ್ಟಾಗ ಬೂರ್ಬನ್ ಸ್ಪಷ್ಟವಾಗಿ ಸಿಕ್ಕಿತು. ಮೂಸಿದಾಗ ಅಷ್ಟು ಸಿಕ್ಕಿರಲಿಲ್ಲ.

ನನ್ನ ಹೆಂಡತಿ ಕುಡಿಯುವುದಿಲ್ಲ. ಆದರೆ ಅವಳ ಮೂಗು ನನ್ನದಕ್ಕಿಂತ ಚುರುಕು, ಇದನ್ನು ನಾನು ಕೆಲಸದ ವಿಷಯದಲ್ಲೂ ಒಪ್ಪಿಕೊಂಡಿದ್ದೇನೆ. 15 ಡಿಗ್ರಿ ಹೊತ್ತಿಗೆ ಅವಳ ಕೈಗೆ ಗ್ಲಾಸ್ ಕೊಟ್ಟೆ. ಒಂದು ಸಲ ಮೂಸಿ, "ರೀ, ಒಣ ಕೊಬ್ಬರಿ" ಅಂದಳು. ಇನ್ನೊಂದು ಸಲ ಮೂಸಿ, "ಜೋನಿ ಬೆಲ್ಲನೂ ಇದೆ, ಸ್ವಲ್ಪ ಸೀದಿದೆ." ಎರಡೂ ಸರಿ. ಕೊಬ್ಬರಿ ಓಕ್ ಮರದ್ದು. ಬೆಲ್ಲದ ಛಾಯೆ ಗಾಢವಾಗಿ ಹುರಿದ ಮಾಲ್ಟ್‌ನಿಂದ ಬಂದದ್ದು. ವಿದೇಶದ ಟಿಪ್ಪಣಿಗಳಲ್ಲಿ ಮೊಲಾಸಿಸ್ ಅಂತ ಬರೆದಿರುತ್ತಾರೆ. ಮಲೆನಾಡಿನ ಮನೆಯಲ್ಲಿ ದೋಸೆಗೆ ಜೋನಿ ಬೆಲ್ಲ ಹಚ್ಚಿಕೊಂಡು ತಿಂದವರು ಬೇರೆ ಮಾತು ಹುಡುಕುವ ಅಗತ್ಯವಿಲ್ಲ. ರುಚಿಯ ಟಿಪ್ಪಣಿ ಬರೆಯುವಾಗ ನಮ್ಮ ಅಡುಗೆ ಮನೆಯ ಹೆಸರುಗಳನ್ನೇ ಬರೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತಿನ್ನದ ಹಣ್ಣಿನ ಹೆಸರು ಬರೆದರೆ ಮುಂದಿನ ಸಲ ಓದಿದಾಗ ನೆನಪೇ ಬರುವುದಿಲ್ಲ.

18 ಡಿಗ್ರಿಯಲ್ಲಿ ಈ ಬಿಯರ್ ಪೂರ್ತಿ ತೆರೆದುಕೊಂಡಿತು. ಖರ್ಜೂರ, ಒಣದ್ರಾಕ್ಷಿ ಆಗ ಬಂದವು. ನುಂಗಿದ ಮೇಲೆ ಎದೆಯವರೆಗೆ ಒಂದು ಬಿಸಿ, ಒಸಡಿನ ಹತ್ತಿರ ತೆಳುವಾದ ಒಗರು. ಕಾಫಿ ಹಿಂದೆ ಸರಿದು ಮರ ಮುಂದೆ ಬಂತು. ನನಗೆ ತುಂಬಾ ಹಿಡಿಸಿದ್ದು 15ರಿಂದ 18ರ ನಡುವಿನ ಹೊತ್ತು. 20 ದಾಟಿದ ಮೇಲೆ ಆಲ್ಕೋಹಾಲ್ ಘಾಟು ಜಾಸ್ತಿಯಾಗಿ ಸಿಹಿ ಭಾರವಾಯಿತು. ಬೇಸಿಗೆಯಲ್ಲಿ ಬೆಂಗಳೂರಿನ ಕೋಣೆ ಇದನ್ನು ಬೇಗ ದಾಟಿಸಿಬಿಡುತ್ತದೆ. ಹಾಗಾಗಿ ಏಪ್ರಿಲ್, ಮೇನಲ್ಲಿ ನಾನು ಇಂಥ ಬಾಟಲಿ ತೆರೆಯುವುದಿಲ್ಲ.

ದೋಷಗಳನ್ನೂ ನೋಡಬೇಕಲ್ವಾ. ಮೊಸರಿನ ಹುಳಿ ಬಂದರೆ ಬ್ಯಾರೆಲ್‌ನಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಸೇರಿದೆ ಎಂದು ಅರ್ಥ, ವಿನೆಗರ್ ಘಾಟಾದರೆ ಗಾಳಿ ಜಾಸ್ತಿ ಸೋಕಿದೆ. ನೆನೆದ ರಟ್ಟಿನ ವಾಸನೆ ಹಳತಾದ ಬಿಯರ್‌ನದು. ಸೋಯಾ ಸಾಸ್‌ನ ಹಾಗೆ ಉಪ್ಪುಪ್ಪು ಅನ್ನಿಸಿದರೆ ಯೀಸ್ಟ್ ಸತ್ತು ಒಡೆದಿದೆ ಅಥವಾ ಬಾಟಲಿ ಬಿಸಿಯಲ್ಲಿ ತುಂಬಾ ದಿನ ಕೂತಿದೆ. ನಮ್ಮ ಬಾಟಲಿಯಲ್ಲಿ ಇವು ಯಾವುವೂ ಇರಲಿಲ್ಲ.

ಕೊನೆಯ ಗುಟುಕುಗಳಿಗೆ ತಿನ್ನಲು ಎರಡು ಇಟ್ಟಿದ್ದೆ. ಡಾರ್ಕ್ ಚಾಕೊಲೇಟ್ ಅಷ್ಟೇನೂ ಸೊಗಸಲ್ಲ, ಕಹಿಯ ಮೇಲೆ ಕಹಿ ಕೂತು ಎರಡೂ ಮಂಕಾದವು. ಕಜ್ಜಾಯ ಮಾತ್ರ ಅದ್ಭುತ. ಬೆಲ್ಲ, ಅಕ್ಕಿ ಹಿಟ್ಟು, ಮೇಲಿನ ಗಸಗಸೆ, ಕರಿದ ಅಂಚಿನ ಗರಿ. ಬೆಲ್ಲ ಬಿಯರ್‌ನ ಸಿಹಿಗೆ ಜೊತೆಯಾಯಿತು, ಎಣ್ಣೆಯ ಜಿಡ್ಡನ್ನು ಸ್ಟೌಟ್‌ನ ಕಹಿ ತೊಳೆಯಿತು. ಗೆಳೆಯ ಎರಡನೇ ಕಜ್ಜಾಯಕ್ಕೆ ಕೈ ಹಾಕಿ, "ಹಬ್ಬದಲ್ಲಿ ಇದನ್ನ ಬರೀ ಹಾಲಿನ ಜೊತೆ ತಿಂದು ಇಷ್ಟು ವರ್ಷ ಕಳೆದೆವಲ್ಲ" ಅಂದ.

ಅತ್ತೆ ಮಗ ತಂದದ್ದರಲ್ಲಿ ಒಂದು ಬಾಟಲಿ ಉಳಿದಿದೆ. ಅದನ್ನು ಫ್ರಿಜ್‌ನ ತರಕಾರಿ ಡಬ್ಬದ ಹಿಂದೆ, ಪೇಪರ್ ಸುತ್ತಿ, ನೆಟ್ಟಗೆ ನಿಲ್ಲಿಸಿದ್ದೇನೆ. ಮಲಗಿಸಿದರೆ ಗಷ್ಟು ಬದಿಗೆ ಅಂಟುತ್ತದೆ, ಗಾಳಿ ಸೋಕುವ ಮೇಲ್ಮೈಯೂ ಜಾಸ್ತಿ. ಮುಂದಿನ ಡಿಸೆಂಬರ್‌ವರೆಗೆ ಇಡುವ ಯೋಚನೆ. ಕಾಫಿಯ ಘಮ ಬಿಯರ್‌ನಲ್ಲಿ ಬೇಗ ಇಳಿಯುತ್ತದೆ, ಹಾಗಾಗಿ ಕಾಫಿ ಕಡಿಮೆಯಾಗಿ ಖರ್ಜೂರ, ಮರ ಮುಂದೆ ಬಂದಿರುತ್ತವೆ ಎಂದು ನನ್ನ ಅಂದಾಜು. ಈ ಸಲದ ಟಿಪ್ಪಣಿಯಲ್ಲಿ ಪ್ರತಿ ಡಿಗ್ರಿಯ ಎದುರು ಒಂದು ಕಾಲಂ ಖಾಲಿ ಬಿಟ್ಟಿದ್ದೇನೆ, ಮುಂದಿನ ವರ್ಷದ್ದನ್ನು ಪಕ್ಕದಲ್ಲೇ ಬರೆಯುವುದಕ್ಕೆ. ಗೆಳೆಯನಿಗೆ ಈಗಲೇ ಹೇಳಿಟ್ಟಿದ್ದೇನೆ, ಕಜ್ಜಾಯ ಅವರ ಮನೆಯಿಂದ ಬರಬೇಕು.