ಕೃಷ್ಣಪಕ್ಷದಲ್ಲಿ ತುಂಬಿಸಿದ ಲಾಂಬ್ರುಸ್ಕೋ

ಮನೆಯಲ್ಲೇ ಬಾಟಲಿಗೆ ತುಂಬಿದ ಲಾಂಬ್ರುಸ್ಕೋ, ಅಂದರೆ ಇಲ್ಲಿನ ನೊರೆ ಏಳುವ ಕೆಂಪು ವೈನ್, ಮೂರನೇ ವರ್ಷಕ್ಕೆ ಕೈ ಹಿಡಿಯಿತು ನೋಡಿ. ಮೊನ್ನೆ ಮೊದಲ ಬಾಟಲಿಯ ಮುಚ್ಚಳ ಎತ್ತಿದರೆ ಟಪ್ ಅಂತ ಸದ್ದು. ಗ್ಲಾಸಿನಲ್ಲಿ ಎರಡು ಬೆರಳಷ್ಟು ನೇರಳೆ ನೊರೆ ಎದ್ದು, ಐದಾರು ಸೆಕೆಂಡಿನಲ್ಲಿ ಇಳಿಯಿತು. ಮೇಲಿನ ಮನೆಯ ಅಜ್ಜ ಮಾತ್ರ ಇನ್ನೂ ಒಪ್ಪಿಲ್ಲ.

ನಾನಿರುವುದು ಇಟಲಿಯ ಮೊಡೆನಾದಲ್ಲಿ, ಊರು ಮಡಿಕೇರಿ ಕಡೆ. ಅವ್ವ ಭರಣಿಯಲ್ಲಿ ವೈನ್ ಹಾಕುವುದನ್ನು ನೋಡುತ್ತಲೇ ಬೆಳೆದವನು, ಹಾಗಾಗಿ ಸ್ವಲ್ಪ ಜಂಬ ಇತ್ತು. ಇಲ್ಲಿನ ಹಳಬರು ಚಳಿ ಕಳೆದ ಮೇಲೆ 54 ಲೀಟರಿನ ದಮಿಜಾನದಲ್ಲಿ, ಅಂದರೆ ದೊಡ್ಡ ಗಾಜಿನ ಬುಡ್ಡಿಯಲ್ಲಿ, ವೈನ್ ತಂದು ಮನೆಯಲ್ಲೇ ಬಾಟಲಿಗೆ ತುಂಬುತ್ತಾರೆ. ಸೆಕೆ ಏರಿದಂತೆ ಉಳಿದ ಸಕ್ಕರೆ ಒಳಗೇ ಹುದುಗಿ ಗುಳ್ಳೆ ಕಟ್ಟುತ್ತದೆ. ಒಂದು ದಮಿಜಾನಕ್ಕೆ 72 ಬಾಟಲಿ. ನನಗೆ 120 ಯೂರೋ ಆಸುಪಾಸು ಬಿತ್ತು.

ಮೊದಲ ವರ್ಷ ದುಡ್ಡು ಉಳಿಸಲು ಹೋಗಿ ಕೆಟ್ಟೆ. ಕೂಡಿಟ್ಟಿದ್ದ ತೆಳು ಬಾಟಲಿಗಳಿಗೇ ತುಂಬಿದೆ, ಗುಳ್ಳೆಗೆಂದು ಬೆರೆಸುವ ಸಿಹಿ ದ್ರಾಕ್ಷಿ ರಸವೂ ಕಣ್ಣಂದಾಜು. ಜೂನ್‌ನಲ್ಲಿ ಒಂದು ರಾತ್ರಿ ನೆಲಮಾಳಿಗೆಯಲ್ಲಿ ದೀಪಾವಳಿ! ಹದಿನಾಲ್ಕೋ ಹದಿನೈದೋ ಒಡೆದವು. ಪಕ್ಕದವರ ಸೈಕಲ್ ಸೀಟಿನಲ್ಲಿ ಗಾಜು ನೆಟ್ಟಿತ್ತು. ಸೀಟು, ಗೋಡೆಗೆ ಬಣ್ಣ, ಮತ್ತೆ ತೊಂಬತ್ತು ಯೂರೋ. ಎರಡನೇ ವರ್ಷ ಹೆದರಿ ಗಟ್ಟಿ ಬಾಟಲಿ ತಂದೆ. ಆದರೆ ಕೊಂಡ ವೈನ್ ಚೆನ್ನಾಗಿ ಸೋಸಿದ್ದು, ಹುದುಗಿಸುವ ಯೀಸ್ಟೇ ಉಳಿದಿರಲಿಲ್ಲ. 72 ಬಾಟಲಿ ಗುಳ್ಳೆಯಿಲ್ಲದೆ ಸಪ್ಪೆ.

ಈ ಸಲ ತೆಗೆದುಕೊಂಡದ್ದು ಕಾಸ್ತೆಲ್‌ವೆತ್ರೋ ಕಡೆಯ ಗ್ರಾಸ್ಪಾರೊಸ್ಸಾ ಅನ್ನುವ ಲಾಂಬ್ರುಸ್ಕೋ ತಳಿ, ಸೋಸದೇ ಇದ್ದದ್ದು. ಶರತ್ಕಾಲದಲ್ಲಿ ಆ ತೋಟಗಳಿಗೆ ಹೋಗಿ, ದ್ರಾಕ್ಷಿ ತೊಟ್ಟೂ ಎಲೆಯೂ ಕೆಂಪಾಗಿರುತ್ತವೆ. ಹೆಸರು ಬಂದದ್ದೇ ಅದರಿಂದ. ಲೀಟರಿಗೆ 4 ಗ್ರಾಂ ಸಕ್ಕರೆ ಅಂದರೆ ಸುಮಾರು ಒಂದು ಬಾರ್ ಒತ್ತಡ. ನಾನು ಒಂಬತ್ತು ಗ್ರಾಂಗೆ ನಿಲ್ಲಿಸಿದೆ. ಪರಿಚಯದ ರೆಸ್ಟೋರೆಂಟಿನಿಂದ ಖಾಲಿ ಶಾಂಪೇನ್ ಬಾಟಲಿ ಪುಕ್ಕಟೆ ಸಿಕ್ಕವು, ಬಿಯರ್ ಬಾಟಲಿಯಂಥ ತಗಡಿನ ಮುಚ್ಚಳ ಹಾಕಿದೆ. ಮೂರು ವಾರ ಅಡುಗೆಮನೆ ಮೂಲೆಯಲ್ಲಿ 20 ಡಿಗ್ರಿ, ಮೇಲೆ ದಪ್ಪ ಕಂಬಳಿ. ಆಮೇಲೆ ನೆಲಮಾಳಿಗೆಯಲ್ಲಿ ನಿಲ್ಲಿಸಿಯೇ ಇಟ್ಟೆ, ಗಸಿ ತಳಕ್ಕೆ ಕೂರಲಿ ಅಂತ. ಸಿಹಿ ರಸ ಎಲ್ಲಿಂದ ತಂದೆ, ಯಾವಾಗ ಬೆರೆಸಿದೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ.

ಅಜ್ಜನ ತಕರಾರು ಚಂದ್ರನದು. ಗುಳ್ಳೆ ಬೇಕಾದರೆ ಶುಕ್ಲಪಕ್ಷದಲ್ಲೇ ತುಂಬಬೇಕಂತೆ. ನನಗೆ ರಜೆ ಸಿಕ್ಕಿದ್ದು ಕೃಷ್ಣಪಕ್ಷದಲ್ಲಿ, ಏನು ಮಾಡಲಿ?

ಊಟದ ವಿಷಯಕ್ಕೆ ಬಂದರೆ, ಇದು ಹಂದಿ ಕೊಬ್ಬಿಗಾಗಿಯೇ ಹುಟ್ಟಿದ ವೈನ್. ನ್ಯೊಕ್ಕೊ ಫ್ರಿತ್ತೊ ಗೊತ್ತಲ್ಲ, ಹಂದಿ ಕೊಬ್ಬಿನಲ್ಲಿ ಕರಿದ ಚೌಕದ ಪೂರಿ. ಅದರ ಮೇಲೆ ಪ್ರೊಶ್ಯುತ್ತೊ, ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆಯ ತೆಳು ಹೋಳು, ಹಾಸಿ ಒಂದು ಗುಟುಕು ಕುಡಿದರೆ ನಾಲಿಗೆಯ ಜಿಡ್ಡೆಲ್ಲ ತೊಳೆದು ಹೋಗುತ್ತದೆ. ಕೊತೆಕೀನೊ ಸಾಸೇಜಿಗೂ ಹಾಗೇ. ಪಕ್ಕದ ಊರು ಮಾಂಟೋವಾದವರ ಹಾಗೆ ಬಿಸಿ ಸಾರಿಗೂ ಸುರಿದು ನೋಡಿದೆ. ಬಣ್ಣ ಕಂಡು ಹೆಂಡತಿ ತಟ್ಟೆ ಸರಿಸಿದಳು, ನಾನು ಎರಡು ಬಟ್ಟಲು ಕುಡಿದೆ.

ನಮ್ಮ ಕೊಡಗಿನ ಹಂದಿ ಸಾರು ಪಂದಿಕರಿ ಜೊತೆ ಸುಲಭವಾಗಲಿಲ್ಲ. ಕಾಳುಮೆಣಸು ಪರವಾಗಿಲ್ಲ, ಹಸಿಮೆಣಸು ಜಾಸ್ತಿಯಾದರೆ ವೈನ್ ಕಹಿಯಾಗುತ್ತದೆ. ಹುಳಿಗೆ ಹಾಕುವ ಕಪ್ಪು ಹಣ್ಣಿನ ರಸ ಕಾಚಂಪುಳಿ ಜಾಸ್ತಿಯಾದರೆ ವೈನೇ ಸಪ್ಪೆ. ಕೊನೆಗೆ ಕಾಚಂಪುಳಿ ಅರ್ಧಕ್ಕೆ ಇಳಿಸಿ, ಇಲ್ಲಿನ ದ್ರಾಕ್ಷಿ ವಿನೆಗರ್ ಬಾಲ್ಸಾಮಿಕೋ ನಾಲ್ಕು ಹನಿ ಹಾಕಿದೆ. ಎರಡೂ ರಸ ಕುದಿಸಿ ಕಪ್ಪಗೆ ಮಾಡಿದವೇ ಅಲ್ವಾ? ಅವ್ವನಿಗೆ ಹೇಳಿಲ್ಲ, ಸುಮ್ನೆ ಬೈಸಿಕೊಳ್ಳುವುದು ಯಾಕೆ.

ಸೊರ್ಬಾರಾ ಅನ್ನುವ ಇನ್ನೊಂದು ಬಗೆಯ ಲಾಂಬ್ರುಸ್ಕೋಗೆ ಹುಳಿ ಜಾಸ್ತಿ, ಬಣ್ಣ ತೆಳು. ಕಾಚಂಪುಳಿ ಇಳಿಸದೆಯೇ ಅದು ತಡೆದುಕೊಂಡೀತು ಅಂತ ನನ್ನ ಲೆಕ್ಕ. ಬರುವ ಮಾರ್ಚ್‌ಗೆ ಅರ್ಧ ದಮಿಜಾನ ಹೇಳಿಟ್ಟಿದ್ದೇನೆ.